ಮುಟ್ಟಿದರೆ ತೆರೆಯುವ ಫೋನು, ನೋಡಿದರೆ ತೆರೆಯುವ ಫೋನು

(ಸಂಜೆಯ ವಿಜ್ಞಾನ ಉಪನ್ಯಾಸವೊಂದರ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಮಾತಿನ ನಡುವೆಯೇ ಸೇರಿಸಿಕೊಂಡಿದ್ದೇನೆ.)

ಸ್ನೇಹಿತರೇ, ನಮಸ್ಕಾರ.

ಫೋನಿನ ಬೀಗಕ್ಕೆ ಬೆರಳು ಒಳ್ಳೆಯದೋ ಮುಖ ಒಳ್ಳೆಯದೋ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕೆಂದು ಸಂಘಟಕರು ಕೇಳಿದ್ದಾರೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವ ಸಾಧಾರಣ ಬೆಲೆಯ ಆಂಡ್ರಾಯ್ಡ್ ಫೋನುಗಳಲ್ಲಿ ಬೆರಳನ್ನೇ ಬಳಸಿ, ಮುಖದ ಬೀಗ ಬೇಡ. ಮುಖದ ಆಳವನ್ನು ಅಳೆಯಬಲ್ಲ ಫೋನು ನಿಮ್ಮಲ್ಲಿದ್ದರೆ ಮುಖವೂ ಭದ್ರವೇ. ಫೋನು ಯಾವುದೇ ಆಗಿರಲಿ, ಪಿನ್ ದುರ್ಬಲವಾಗಿದ್ದರೆ ಬೆರಳೂ ಮುಖವೂ ನಿಮ್ಮನ್ನು ಕಾಯಲಾರವು. ಈ ಉತ್ತರದ ಹಿಂದಿರುವ ಕಾರಣಗಳು ಉತ್ತರಕ್ಕಿಂತ ಮುಖ್ಯವೆಂದು ನಾನು ನಂಬಿದ್ದೇನೆ. ಉಳಿದ ಹೊತ್ತನ್ನು ಅವುಗಳಿಗೇ ಕೊಡುತ್ತೇನೆ.

ಬೆರಳಿನಿಂದ ಆರಂಭಿಸೋಣ. ಬೆರಳಚ್ಚಿನ ಚರಿತ್ರೆಯ ದೊಡ್ಡ ಭಾಗ ನಡೆದದ್ದು ನಮ್ಮ ದೇಶದಲ್ಲಿಯೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷಲ್, ರಸ್ತೆ ಕೆಲಸಕ್ಕೆ ಸಾಮಗ್ರಿ ಒದಗಿಸಲು ಒಪ್ಪಿದ್ದ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಅಂಗೈಯ ಅಚ್ಚನ್ನು ಒಪ್ಪಂದ ಪತ್ರದ ಮೇಲೆ ಒತ್ತಿಸಿಕೊಂಡ. ಮುಂದೊಂದು ದಿನ ‘ಈ ಸಹಿ ನನ್ನದಲ್ಲ’ ಎಂದು ಆತ ಜಾರಿಕೊಳ್ಳದಿರಲಿ ಎಂಬುದು ಹರ್ಷಲ್‌ನ ಉದ್ದೇಶವಾಗಿತ್ತು. 1897ರಲ್ಲಿ ಕಲ್ಕತ್ತಾದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ತೆರೆಯಿತು. ರಾಶಿ ಬಿದ್ದ ಅಚ್ಚುಗಳಲ್ಲಿ ಬೇಕಾದ ಒಂದನ್ನು ಹುಡುಕಿ ತೆಗೆಯಲು 1,024 ಗೂಡುಗಳ ವಿಂಗಡಣೆಯನ್ನು ರೂಪಿಸುವುದರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳ ದುಡಿಮೆ ದೊಡ್ಡದು. ವಿಧಾನಕ್ಕೆ ಉಳಿದದ್ದು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು. ಇದು ಇಂದಿಗೂ ನನಗೆ ನೋವು ಕೊಡುವ ಸಂಗತಿ.

ಫೋನಿನ ಮಾತಿಗೆ ಈ ಚರಿತ್ರೆ ಏಕೆ ಬೇಕು ಎಂದರೆ, ಬೆರಳಚ್ಚನ್ನು ಆಡಳಿತಕ್ಕೆ ತಂದದ್ದೇ ಅಧಿಕಾರದಲ್ಲಿರುವವರು ಎದುರಿಗಿರುವವರನ್ನು ಗುರುತು ಹಿಡಿಯಲು. ಅದೇ ಅಚ್ಚು ನನ್ನ ಪತ್ರ, ನನ್ನ ಹಣ, ನನ್ನ ಚಿತ್ರಗಳನ್ನು ಇತರರಿಂದ ಕಾಯುವ ಬೀಗವಾದದ್ದು ತೀರಾ ಈಚೆಗೆ. ಪರರು ನನ್ನನ್ನು ಗುರುತಿಸಲು ಬಳಸುವ ಅಂಗವೇ ಪರರನ್ನು ಹೊರಗಿಡುವ ಕೀಲಿಯೂ ಆಗಿದೆ. ಮುಖದ ವಿಷಯದಲ್ಲಿ ಈ ಇಕ್ಕಟ್ಟು ಇನ್ನೂ ತೀವ್ರ.

ಫೋನುಗಳಲ್ಲಿ ಬೆರಳಿನ ಬೀಗ 2013ಕ್ಕೆ ಮೊದಲೇ ಇತ್ತು. 2011ರ ಮೊಟೊರೊಲಾ ಆಟ್ರಿಕ್ಸ್‌ನ ಬೆನ್ನಿನ ಮೇಲೆ ಬೆರಳನ್ನು ಎಳೆಯುವ ಪಟ್ಟಿಯೊಂದಿತ್ತು. ಆದರೆ ಜನ ಅದನ್ನು ನಿತ್ಯದ ಅಭ್ಯಾಸವಾಗಿಸಿಕೊಂಡದ್ದು 2013ರ ಸೆಪ್ಟೆಂಬರಿನಲ್ಲಿ ಐಫೋನ್ 5ಎಸ್ ಟಚ್ ಐಡಿ ಎಂಬ ಬೆರಳಿನ ಬೀಗದೊಡನೆ ಬಂದ ಮೇಲೆ. ಆ ಗುಂಡಿಯ ಕೆಳಗಿದ್ದ ಸಂವೇದಕದಲ್ಲಿ ಉದ್ದಕ್ಕೆ 88, ಅಗಲಕ್ಕೆ 88 ಕಣಗಳು (ಪಿಕ್ಸೆಲ್‌ಗಳು) ಇದ್ದವು. ಬೆರಳಿನ ಏಣು, ಅಂದರೆ ಚರ್ಮದ ಉಬ್ಬುಗೆರೆ, ತಾಗಿದ ಕಡೆ ಒಂದು ಬಗೆಯ ವಿದ್ಯುತ್ ಆವೇಶ, ಏಣುಗಳ ನಡುವಿನ ತಗ್ಗಿನಲ್ಲಿ ಗಾಳಿ ಇರುವುದರಿಂದ ಇನ್ನೊಂದು ಬಗೆ. ಈ ವ್ಯತ್ಯಾಸದಿಂದಲೇ ನಕ್ಷೆ ಮೂಡುತ್ತದೆ. ಇಂದು ಪಕ್ಕದ ಪವರ್ ಗುಂಡಿಯಲ್ಲಿ ಬೆರಳು ಓದುವ ಫೋನುಗಳು ಬಹುತೇಕ ಇದೇ ತತ್ತ್ವವನ್ನು ಬಳಸುತ್ತವೆ. ಪರದೆಯ ಕೆಳಗೆ ಬೆರಳು ಓದುವ ಫೋನುಗಳಲ್ಲಿ ಎರಡು ಬಗೆ: ಪರದೆಯ ಬೆಳಕನ್ನು ಬೆರಳಿಗೆ ಹಾಯಿಸಿ ಕೆಳಗಿನಿಂದ ಚಿತ್ರ ತೆಗೆಯುವುದು ಒಂದು, ನಮ್ಮ ಕಿವಿಗೆ ಕೇಳಿಸದ ಶ್ರವಣಾತೀತ ತರಂಗವನ್ನು ಕಳಿಸಿ ಅದರ ಮರುಧ್ವನಿಯಿಂದ ಏಣು ತಗ್ಗುಗಳನ್ನು ಅಳೆಯುವುದು ಇನ್ನೊಂದು.

ಆ 88ರ ಲೆಕ್ಕವನ್ನು ಸ್ವಲ್ಪ ಗಮನಿಸಿ. ಇಂಚಿಗೆ 500 ಕಣಗಳಂತೆ ಲೆಕ್ಕ ಹಾಕಿದರೆ ಸಂವೇದಕದ ಅಗಲ ಹೆಚ್ಚುಕಡಿಮೆ ನಾಲ್ಕೂವರೆ ಮಿಲಿಮೀಟರ್. ಅಂದರೆ ಫೋನು ನಿಮ್ಮ ಪೂರ್ತಿ ಬೆರಳನ್ನು ಒಮ್ಮೆಗೇ ನೋಡುವುದಿಲ್ಲ, ಒಂದು ಚೂರನ್ನು ಮಾತ್ರ ನೋಡುತ್ತದೆ. ನೋಂದಾಯಿಸುವಾಗ ‘ಇನ್ನೊಮ್ಮೆ ಇಡಿ, ಅಂಚನ್ನು ಇಡಿ’ ಎಂದು ಅದು ಪದೇ ಪದೇ ಕೇಳುವುದು ಇದಕ್ಕಾಗಿಯೇ, ಚೂರುಗಳನ್ನು ಕೂಡಿಹಾಕಿಕೊಳ್ಳುತ್ತದೆ. ತೆರೆಯುವಾಗ ಆ ಚೂರುಗಳಲ್ಲಿ ಯಾವುದಾದರೂ ಒಂದು ಹೊಂದಿದರೆ ಸಾಕು. 2017ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ನಾಸಿರ್ ಮೆಮನ್, ಅದಿತಿ ರಾಯ್ ಮತ್ತು ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಅರುಣ್ ರಾಸ್ ತೋರಿಸಿದ್ದು ಈ ದೌರ್ಬಲ್ಯವನ್ನೇ. ಪೂರ್ಣ ಬೆರಳಚ್ಚುಗಳು ಒಂದನ್ನೊಂದು ಹೋಲುವುದು ಅತ್ಯಂತ ಅಪರೂಪ. ಚೂರುಗಳು ಹೋಲುವುದು ಅಷ್ಟು ಅಪರೂಪವಲ್ಲ. ಹಲವರ ಚೂರುಗಳಿಗೆ ಹೊಂದಬಲ್ಲ ‘ಮಾಸ್ಟರ್ ಪ್ರಿಂಟ್’ಗಳನ್ನು ಕಂಪ್ಯೂಟರಿನಲ್ಲಿ ರೂಪಿಸಬಹುದೆಂದು ಅವರು ಪ್ರಯೋಗದಲ್ಲಿ ತೋರಿಸಿದರು.

ಇದಕ್ಕೂ ಮೊದಲೇ, ಐಫೋನ್ 5ಎಸ್ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ, ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ ಎಂಬ ಹ್ಯಾಕರ್‌ಗಳ ಸಂಘದವರು ಅದರ ಬೀಗವನ್ನು ಮಣಿಸಿದ್ದರು. ಗಾಜಿನ ಮೇಲೆ ಬಿದ್ದಿದ್ದ ಬೆರಳಚ್ಚಿನ ಚಿತ್ರ ತೆಗೆದು, ಅದನ್ನು ಪಾರದರ್ಶಕ ಹಾಳೆಯ ಮೇಲೆ ದಟ್ಟವಾಗಿ ಮುದ್ರಿಸಿ, ಆ ಮುದ್ರಣದ ಉಬ್ಬಿನ ಮೇಲೆ ರಬ್ಬರ್ ಹಾಲನ್ನು ಸುರಿದು ತೆಳುವಾದ ನಕಲಿ ಬೆರಳನ್ನು ತಯಾರಿಸಿದರು. 2014ರ ಡಿಸೆಂಬರಿನಲ್ಲಿ ಅದೇ ಕ್ಲಬ್ಬಿನ ಸದಸ್ಯನೊಬ್ಬ, ಆಗ ಜರ್ಮನಿಯ ರಕ್ಷಣಾ ಸಚಿವೆಯಾಗಿದ್ದ ಉರ್ಸುಲಾ ಫಾನ್ ಡೆರ್ ಲೈಯೆನ್ ಅವರ ಹೆಬ್ಬೆರಳ ಅಚ್ಚನ್ನು ಪತ್ರಿಕಾಗೋಷ್ಠಿಯ ಚಿತ್ರಗಳಿಂದಲೇ ಮರುರೂಪಿಸಿದ್ದಾಗಿ ಪ್ರಕಟಿಸಿದ. ಬೆರಳಚ್ಚು ಗುಟ್ಟಿನ ವಸ್ತುವಲ್ಲ. ನಾವು ಮುಟ್ಟಿದಲ್ಲೆಲ್ಲ ಅದನ್ನು ಬಿಟ್ಟು ಬರುತ್ತೇವೆ.

ನಮ್ಮ ರಾಜ್ಯ ಇದನ್ನು 2023ರಲ್ಲಿ ಅನುಭವಿಸಿತು. ಜಾಲತಾಣದಲ್ಲಿ ಸಿಗುತ್ತಿದ್ದ ಆಸ್ತಿ ನೋಂದಣಿ ಪತ್ರಗಳ ಪ್ರತಿಗಳಿಂದ ಬೆರಳಚ್ಚುಗಳನ್ನು ತೆಗೆದು, ನಕಲಿ ಅಚ್ಚುಗಳನ್ನು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಮನೆ ಕೊಂಡವರು, ಹೊಲ ಮಾರಿದವರು, ಜೀವನದಲ್ಲಿ ಒಂದೆರಡು ಸಲ ಮಾತ್ರ ನೋಂದಣಿ ಕಚೇರಿಗೆ ಹೋದವರು ಹಣ ಕಳೆದುಕೊಂಡರು. ಅದು ಫೋನಿನ ಬೀಗ ಮುರಿದ ಕಥೆಯಲ್ಲ, ನಿಜ. ಆದರೂ ಅದನ್ನು ಇಲ್ಲಿ ಹೇಳಲೇಬೇಕು. ಪಿನ್ ಕಳವಾದರೆ ಇವತ್ತೇ ಹೊಸದನ್ನು ಇಟ್ಟುಕೊಳ್ಳಬಹುದು. ಬೆರಳಚ್ಚು ಕಳವಾದರೆ ಉಳಿದ ಒಂಬತ್ತು ಬೆರಳುಗಳ ಲೆಕ್ಕ ಹಾಕಬೇಕು. ಮುಖವಂತೂ ಒಂದೇ. ಮನೆಗೆ ಹೋದ ಕೂಡಲೇ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ನಿಮ್ಮ ಬಯೋಮೆಟ್ರಿಕ್ ಅನ್ನು, ಅಂದರೆ ಬೆರಳು ಮುಖಗಳಂಥ ದೇಹದ ಗುರುತನ್ನು, ಲಾಕ್ ಮಾಡಿ. ಬೇಕಾದಾಗ ತೆರೆದುಕೊಳ್ಳಬಹುದು.

ಈಗ ಸಭೆಯಿಂದ ಒಬ್ಬರು ಕೇಳಿದರು: ‘ನನ್ನ ಫೋನಿಗೆ ಕೊಟ್ಟ ಬೆರಳಚ್ಚು ಕಂಪನಿಗೆ ಹೋಗುತ್ತದೆಯೇ?’ ಹೆಸರಾಂತ ತಯಾರಕರ ಫೋನುಗಳಲ್ಲಿ ಹೋಗುವುದಿಲ್ಲ. ಫೋನಿನ ಮುಖ್ಯ ವ್ಯವಸ್ಥೆಯಿಂದ ಬೇರೆಯಾದ, ಆ್ಯಪ್‌ಗಳು ಇಣುಕಲಾಗದ ಭದ್ರ ವಲಯವೊಂದು ಚಿಪ್‌ನೊಳಗೆ ಇರುತ್ತದೆ. ಆಪಲ್ ಇದನ್ನು ಸೆಕ್ಯೂರ್ ಎನ್‌ಕ್ಲೇವ್ ಎನ್ನುತ್ತದೆ. ಆಂಡ್ರಾಯ್ಡ್‌ನಲ್ಲಿಯೂ ಅಂಥದೇ ವಲಯವಿದೆ. ಬೆರಳಿನ ಅಥವಾ ಮುಖದ ಚಿತ್ರವನ್ನು ಅಂಕಿಗಳ ರೂಪಕ್ಕೆ ಇಳಿಸಿ ಅಲ್ಲಿ ಇಡಲಾಗುತ್ತದೆ. ನಿಮ್ಮ ಬ್ಯಾಂಕಿನ ಆ್ಯಪ್‌ಗೆ ತಲಪುವುದು ‘ಹೌದು, ಇವರೇ’ ಅಥವಾ ‘ಅಲ್ಲ’ ಎಂಬ ಉತ್ತರ ಮಾತ್ರ. ಆಧಾರ್‌ನ ದೃಢೀಕರಣ ಇದಕ್ಕಿಂತ ಬೇರೆ. ಅಲ್ಲಿ ನಿಮ್ಮ ಮಾಹಿತಿ ಕೇಂದ್ರದ ಭಂಡಾರದಲ್ಲಿದೆ, ಹೋಲಿಕೆಯೂ ಅಲ್ಲಿಯೇ ನಡೆಯುತ್ತದೆ. ಈ ಎರಡನ್ನೂ ಒಂದೇ ಎಂದು ತಿಳಿದು ಫೋನಿನ ಬೀಗಕ್ಕೆ ಹೆದರುವವರನ್ನೂ ಕಂಡಿದ್ದೇನೆ, ಕೇಳಿದಲ್ಲೆಲ್ಲ ಹೆಬ್ಬೆಟ್ಟು ಒತ್ತುವವರನ್ನೂ ಕಂಡಿದ್ದೇನೆ. ಹೆದರಬೇಕಾದದ್ದು ಎರಡನೆಯದಕ್ಕೆ.

ಮುಖಕ್ಕೆ ಬರೋಣ. ‘ಫೇಸ್ ಅನ್‌ಲಾಕ್’ ಎಂಬ ಒಂದೇ ಹೆಸರಿನಲ್ಲಿ ಪೂರ್ತಿ ಬೇರೆಯಾದ ಎರಡು ತಂತ್ರಗಳನ್ನು ಮಾರಲಾಗುತ್ತಿದೆ. ಇವತ್ತಿನ ನನ್ನ ಮಾತಿನಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಮೊದಲನೆಯದು ಸೆಲ್ಫಿ ಕ್ಯಾಮೆರಾ ನಿಮ್ಮ ಚಿತ್ರ ತೆಗೆದು ಹೋಲಿಸುವುದು. 2011ರಲ್ಲಿ ಗ್ಯಾಲಕ್ಸಿ ನೆಕ್ಸಸ್ ಮತ್ತು ಆಂಡ್ರಾಯ್ಡ್ 4.0 ಜೊತೆಗೆ ಬಂದದ್ದು ಇದು. ಚಿತ್ರಕ್ಕೆ ಉದ್ದಗಲ ಮಾತ್ರ ಇರುತ್ತದೆ. ಮೂಗು ಎಷ್ಟು ಮುಂದಿದೆ, ಕಣ್ಣು ಎಷ್ಟು ಒಳಗಿದೆ ಎಂಬುದು ಕ್ಯಾಮೆರಾಕ್ಕೆ ತಿಳಿಯುವುದಿಲ್ಲ. ಹಾಗಾಗಿ ನಿಮ್ಮ ಮುಖದ ಬದಲು ನಿಮ್ಮ ಫೋಟೋ ಹಿಡಿದರೂ ಮೋಸಹೋಗುವ ಅಪಾಯವಿದೆ. ಕಣ್ಣು ಮಿಟುಕಿಸಬೇಕೆಂಬ ಷರತ್ತನ್ನು ಮುಂದೆ ಸೇರಿಸಿ ನೋಡಿದರು. ಆದರೂ 2019ರ ಆರಂಭದಲ್ಲಿ ನೆದರ್ಲೆಂಡ್ಸ್‌ನ ಗ್ರಾಹಕರ ಸಂಘಟನೆ ಪರೀಕ್ಷಿಸಿದ 110 ಫೋನುಗಳಲ್ಲಿ 42 ಫೋನುಗಳು ಮಾಲೀಕರ ಫೋಟೋಗೇ ತೆರೆದುಕೊಂಡವು. ವಾಟ್ಸ್ಆ್ಯಪ್‌ನಲ್ಲಿ, ಮದುವೆಯ ಆಮಂತ್ರಣದಲ್ಲಿ, ಕಚೇರಿಯ ಗುರುತಿನ ಚೀಟಿಯಲ್ಲಿ ನಮ್ಮ ಫೋಟೋ ಎಲ್ಲರ ಕೈಗೂ ಸಿಗುವ ಕಾಲ ಇದು.

ಎರಡನೆಯದು ಆಳವನ್ನು ಅಳೆಯುವುದು. 2017ರ ನವೆಂಬರಿನಲ್ಲಿ ಬಂದ ಐಫೋನ್ ಎಕ್ಸ್, ‘ಫೇಸ್ ಐಡಿ’ ಎಂಬ ತನ್ನ ಮುಖದ ಬೀಗಕ್ಕಾಗಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ 30,000ಕ್ಕೂ ಹೆಚ್ಚು ಚುಕ್ಕೆಗಳನ್ನು ಮುಖದ ಮೇಲೆ ಚೆಲ್ಲುತ್ತದೆ. ಚಪ್ಪಟೆ ಹಾಳೆಯ ಮೇಲೆ ಬಿದ್ದ ಚುಕ್ಕೆಗಳ ವಿನ್ಯಾಸ ಒಂದು ತೆರ, ಮೂಗು ಗಲ್ಲಗಳ ಏರಿಳಿತದ ಮೇಲೆ ಬಿದ್ದದ್ದು ಬೇರೆ ತೆರ. ಬೆಳಕು ಅವಕೆಂಪು ಆದ್ದರಿಂದ ಕತ್ತಲಲ್ಲಿಯೂ ಕೆಲಸ ಮಾಡುತ್ತದೆ. ನೀವು ಕಣ್ಣು ತೆರೆದು ಫೋನಿನತ್ತ ನೋಡುತ್ತಿದ್ದೀರಾ ಎಂಬುದನ್ನೂ ಪರೀಕ್ಷಿಸುತ್ತದೆ. ಆ ಪರೀಕ್ಷೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2019ರಲ್ಲಿ ಬಂದ ಗೂಗಲ್‌ನ ಪಿಕ್ಸೆಲ್ 4 ಫೋನು ತೋರಿಸಿತು. ಆಳವನ್ನು ಅಳೆಯುವ ಒಳ್ಳೆಯ ವ್ಯವಸ್ಥೆಯಿದ್ದರೂ ಕಣ್ಣು ಮುಚ್ಚಿದವರ ಮುಖಕ್ಕೂ ಅದು ತೆರೆಯುತ್ತಿತ್ತು. ಗೂಗಲ್ ಅದನ್ನು ಸರಿಪಡಿಸಿದ್ದು ಮುಂದಿನ ವರ್ಷ. ಅದರಲ್ಲಿದ್ದ, ಕೈಸನ್ನೆ ಗುರುತಿಸುವ ರೇಡಾರ್‌ನ ತರಂಗಾಂತರಕ್ಕೆ ಇಲ್ಲಿ ಅನುಮತಿ ಇರದ ಕಾರಣ ಆ ಫೋನು ಭಾರತದಲ್ಲಿ ಮಾರಾಟಕ್ಕೆ ಬರಲೇ ಇಲ್ಲ.

ಅಪರಿಚಿತರೊಬ್ಬರು ನಿಮ್ಮ ಫೋನನ್ನು ಎತ್ತಿಕೊಂಡು ಆಕಸ್ಮಿಕವಾಗಿ ತೆರೆದುಬಿಡುವ ಸಂಭವ ಟಚ್ ಐಡಿಯಲ್ಲಿ 50,000ಕ್ಕೆ ಒಂದು, ಫೇಸ್ ಐಡಿಯಲ್ಲಿ 10 ಲಕ್ಷಕ್ಕೆ ಒಂದು ಎಂದು ಆಪಲ್ ಹೇಳುತ್ತದೆ. ಮುಖ ಬೆರಳಿಗಿಂತ ಇಪ್ಪತ್ತು ಪಟ್ಟು ಭದ್ರ ಎಂದು ಅಂಗಡಿಗಳಲ್ಲಿ ಹೇಳುವುದು ಇದನ್ನೇ ಹಿಡಿದು. ಎರಡು ಸಂಗತಿಗಳನ್ನು ಅಲ್ಲಿ ಹೇಳುವುದಿಲ್ಲ. 50,000ಕ್ಕೆ ಒಂದು ಎಂಬುದು ಒಂದೇ ಬೆರಳನ್ನು ನೋಂದಾಯಿಸಿದಾಗಿನ ಲೆಕ್ಕ. ಐದು ಬೆರಳು ನೋಂದಾಯಿಸಿದರೆ ಅದು 10,000ಕ್ಕೆ ಒಂದಾಗುತ್ತದೆ. ಇನ್ನು 10 ಲಕ್ಷದ ಲೆಕ್ಕ ಅವಳಿಗಳಿಗೆ, ನಿಮ್ಮನ್ನೇ ಹೋಲುವ ಅಣ್ಣ ತಮ್ಮ ಅಕ್ಕ ತಂಗಿಯರಿಗೆ, 13 ವರ್ಷಕ್ಕಿಂತ ಕಿರಿಯ ಮಕ್ಕಳಿಗೆ ಅನ್ವಯಿಸುವುದಿಲ್ಲ. ಅವಳಿಗಳಲ್ಲೂ ಬೆರಳಚ್ಚು ಬೇರೆ ಬೇರೆಯಾಗಿರುತ್ತದೆ. ಬೆರಳಿನ ಏಣುಗಳ ವಿವರ ಗರ್ಭದೊಳಗೆ ರೂಪುಗೊಳ್ಳುವಾಗ ವಂಶವಾಹಿಗಳಷ್ಟೇ ಅಲ್ಲದೆ ಅಲ್ಲಿನ ಸಣ್ಣಪುಟ್ಟ ಸನ್ನಿವೇಶಗಳೂ ಕೈಹಾಕುತ್ತವೆ. ಮನೆಯಲ್ಲಿ ಅವಳಿಗಳಿದ್ದರೆ ಬೆರಳನ್ನೇ ಆರಿಸಿಕೊಳ್ಳಿ.

‘ನನ್ನ ಫೋನಿನ ಮುಖದ ಬೀಗ ಯಾವ ಬಗೆಯದು ಎಂದು ತಿಳಿಯುವುದು ಹೇಗೆ?’ ಎಂದು ಹಿಂದಿನ ಸಾಲಿನಿಂದ ಕೇಳಿದ್ದೀರಿ. ತುಂಬ ಒಳ್ಳೆಯ ಪ್ರಶ್ನೆ. ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ನೋಡಿ. ಬೆರಳನ್ನು ಒಪ್ಪಿ ಮುಖವನ್ನು ಒಪ್ಪದಿದ್ದರೆ ಉತ್ತರ ಹೆಚ್ಚಾಗಿ ಅಲ್ಲಿಯೇ ಸಿಕ್ಕಿತು. ಆಂಡ್ರಾಯ್ಡ್ ಬಯೋಮೆಟ್ರಿಕ್‌ಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ. ನಕಲಿ ಬೆರಳು ಅಥವಾ ನಕಲಿ ಮುಖವನ್ನು ಒಪ್ಪಿಕೊಳ್ಳುವ ಪ್ರಮಾಣ ಪರೀಕ್ಷೆಯಲ್ಲಿ ಶೇ 7ನ್ನು ಮೀರದಿದ್ದರೆ ಮೂರನೆಯ, ಅಂದರೆ ಅತ್ಯಂತ ಭದ್ರವಾದ ದರ್ಜೆ. ಶೇ 7ರಿಂದ 20ರವರೆಗೆ ಎರಡನೆಯದು. ಅದಕ್ಕಿಂತ ಹೆಚ್ಚಿದ್ದರೆ ಮೊದಲನೆಯದು, ಬರೀ ಅನುಕೂಲಕ್ಕಾಗಿ ಇರುವಂಥದು. ಮೊದಲನೆಯ ದರ್ಜೆಯ ಬೀಗ ಪರದೆಯನ್ನು ತೆರೆಯಬಹುದು, ಆ್ಯಪ್‌ಗಳಲ್ಲಿ ಹಣದ ವ್ಯವಹಾರಕ್ಕೆ ಅದನ್ನು ಬಳಸುವಂತಿಲ್ಲ. ಸಾಧಾರಣ ಬೆಲೆಯ ಫೋನುಗಳಲ್ಲಿ ಕ್ಯಾಮೆರಾದ ಮುಖದ ಬೀಗ ಸಾಮಾನ್ಯವಾಗಿ ಇದೇ ದರ್ಜೆಯದು. ಅದನ್ನು ಆನ್ ಮಾಡುವಾಗ ‘ನಿಮ್ಮನ್ನು ಹೋಲುವವರು ಅಥವಾ ನಿಮ್ಮ ಫೋಟೋ ಫೋನನ್ನು ತೆರೆಯಬಹುದು’ ಎಂಬ ಅರ್ಥದ ಎಚ್ಚರಿಕೆ ಪರದೆಯ ಮೇಲೆ ಬರುತ್ತದೆ. ಅಂಗಡಿಯವರು ಹೊಸ ಫೋನನ್ನು ಸಿದ್ಧಪಡಿಸಿ ಕೊಡುವ ಅವಸರದಲ್ಲಿ ಆ ಸಾಲನ್ನು ಯಾರೂ ಓದುವುದಿಲ್ಲ.

ಬೆರಳನ್ನು ಇಷ್ಟು ಎತ್ತಿ ಹಿಡಿದ ಮೇಲೆ ಅದು ಯಾರ ಕೈ ಬಿಡುತ್ತದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು, ಮಲೆನಾಡಿನಲ್ಲಿ ಅಡಿಕೆ ಸುಲಿಯುವವರು, ಕಾಫಿ ತೋಟದ ಕಾರ್ಮಿಕರು, ಸಿಮೆಂಟ್ ಕಲಸುವವರು, ದಿನವಿಡೀ ಪಾತ್ರೆ ತೊಳೆಯುವವರು, ಇವರ ಬೆರಳ ಏಣುಗಳು ಸವೆದಿರುತ್ತವೆ. ವಯಸ್ಸಾದಂತೆ ಚರ್ಮ ಒಣಗಿ ಸಡಿಲವಾಗಿ ಏಣುಗಳು ತಗ್ಗುತ್ತವೆ. ಕ್ಯಾನ್ಸರಿಗೆ ಕೊಡುವ ಕ್ಯಾಪೆಸಿಟಬಿನ್ ಎಂಬ ಔಷಧದಿಂದ ಬೆರಳಚ್ಚು ಅಳಿಸಿಹೋದ ಉದಾಹರಣೆಗಳೂ ದಾಖಲಾಗಿವೆ. ನ್ಯಾಯಬೆಲೆ ಅಂಗಡಿಯ ಮುಂದೆ ಬೆರಳನ್ನು ಸೀರೆಯ ಸೆರಗಿಗೆ ಉಜ್ಜಿ ಉಜ್ಜಿ ಮತ್ತೆ ಯಂತ್ರದ ಮೇಲೆ ಇಡುವ ಅಜ್ಜಿಯರನ್ನು ನೀವೂ ನೋಡಿದ್ದೀರಿ. ದುಡಿದ ಕೈಗೇ ಯಂತ್ರ ‘ನೀನು ನೀನಲ್ಲ’ ಎನ್ನುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಇಂಥವರಿಗೆ ಮುಖ ನಿಜಕ್ಕೂ ನೆರವಾಗಿದೆ. ಪಿಂಚಣಿದಾರರು ಜೀವಿತ ಪ್ರಮಾಣಪತ್ರವನ್ನು ಮುಖದ ದೃಢೀಕರಣದಿಂದ ಪಡೆಯುವ ಏರ್ಪಾಟು 2021ರ ನವೆಂಬರಿನಿಂದ ಇದೆ. ಮನೆಯ ಮಂಚದ ಮೇಲೆಯೇ ಕುಳಿತು ಅದನ್ನು ಮಾಡಿದ ಹಿರಿಯರ ನೆಮ್ಮದಿಯನ್ನು ಕಂಡಿದ್ದೇನೆ. ಇನ್ನೊಂದು ಕಡೆ, ಕೊರೊನಾ ಕಾಲದಲ್ಲಿ ಮಾಸ್ಕ್ ಬಂದಾಗ ಸೋತದ್ದು ಮುಖ. ಮಾಸ್ಕ್ ಹಾಕಿಕೊಂಡೇ ಫೇಸ್ ಐಡಿ ಬಳಸುವ ಅವಕಾಶವನ್ನು ಆಪಲ್ ಕೊಟ್ಟದ್ದು 2022ರ ಮಾರ್ಚಿನಲ್ಲಿ.

ಇಷ್ಟು ಹೊತ್ತೂ ಕಳ್ಳನನ್ನು, ಅಪರಿಚಿತನನ್ನು ಕುರಿತು ಮಾತನಾಡಿದೆವು. ಫೋನನ್ನು ಒತ್ತಾಯದಿಂದ ತೆರೆಸುವವರು ಬಹಳ ಸಲ ಅಪರಿಚಿತರಲ್ಲ. ಮಲಗಿದ ಹೆಂಡತಿಯ ಬೆರಳನ್ನು ಫೋನಿಗೆ ತಾಗಿಸುವ ಗಂಡ, ಮಗಳ ಮುಖದ ಮುಂದೆ ಫೋನು ಹಿಡಿದು ತೆರೆಸುವ ತಂದೆ ಇದ್ದಾರೆ. ಇಲ್ಲಿ ಬೆರಳಿಗೂ ಮುಖಕ್ಕೂ ಒಂದು ಸೂಕ್ಷ್ಮ ವ್ಯತ್ಯಾಸವಿದೆ. ನಿದ್ದೆಯಲ್ಲಿರುವವರ ಬೆರಳು ಅವರನ್ನು ಕೇಳದೆಯೇ ಕೆಲಸ ಮಾಡುತ್ತದೆ; ಕಣ್ಣು ತೆರೆದಿರಬೇಕೆಂದು ಕೇಳುವ ಮುಖದ ಬೀಗ ನಿದ್ದೆಯಲ್ಲಿ ತೆರೆಯದು. ಎಚ್ಚರವಿದ್ದಾಗ ಲೆಕ್ಕ ತಿರುಗುತ್ತದೆ. ಬೆರಳನ್ನು ಮುಷ್ಟಿಯಲ್ಲಿ ಬಿಗಿಹಿಡಿಯಬಹುದು, ಮುಖದ ಎದುರು ಫೋನು ಹಿಡಿಯುವುದಕ್ಕೆ ಅರೆಕ್ಷಣ ಸಾಕು. ಪಿನ್ ಒಂದನ್ನು ಮಾತ್ರ ನಿದ್ದೆಯಲ್ಲಿಯೂ ಎಚ್ಚರದಲ್ಲಿಯೂ ನಿಮ್ಮ ಮನಸ್ಸಿಲ್ಲದೆ ಯಾರೂ ಎತ್ತಿಕೊಳ್ಳಲಾರರು.

ಕಾನೂನು ಕೂಡ ಈ ವ್ಯತ್ಯಾಸದ ಸುತ್ತಲೇ ತೊಳಲಾಡುತ್ತಿದೆ. ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಒತ್ತಾಯಿಸಬಾರದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಬೆರಳಚ್ಚು ಕೊಡುವುದು ಸಾಕ್ಷಿ ನುಡಿದಂತಲ್ಲ ಎಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 1961ರಲ್ಲಿ ಕಾಠಿ ಕಾಲು ಓಘಡ್ ಪ್ರಕರಣದಲ್ಲಿ ಹೇಳಿತು. ಆಗ ಬೆರಳಚ್ಚು ಎಂದರೆ ಕಾಗದದ ಮೇಲಿನ ಶಾಯಿ. ಅದರ ಹಿಂದೆ ಒಬ್ಬ ಮನುಷ್ಯನ ಹತ್ತು ವರ್ಷಗಳ ಪತ್ರ ವ್ಯವಹಾರ ಇರುತ್ತಿರಲಿಲ್ಲ. 2021ರ ಮಾರ್ಚಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ವೀರೇಂದ್ರ ಖನ್ನಾ ಪ್ರಕರಣದಲ್ಲಿ, ಪಾಸ್‌ವರ್ಡ್ ಅಥವಾ ಬಯೋಮೆಟ್ರಿಕ್ ಕೊಡುವುದು ತನ್ನ ವಿರುದ್ಧವೇ ಸಾಕ್ಷಿ ನುಡಿದಂತಾಗದು ಎಂದಿತು. ಜೊತೆಗೆ ಫೋನಿನ ಶೋಧಕ್ಕೆ ವಾರಂಟ್ ಸೇರಿದಂತೆ ಹಲವು ಕಟ್ಟುಪಾಡುಗಳನ್ನೂ ವಿಧಿಸಿತು. 2022ರಲ್ಲಿ ದೆಹಲಿಯ ವಿಶೇಷ ಸಿಬಿಐ ನ್ಯಾಯಾಲಯ ಬೇರೆ ದಾರಿ ಹಿಡಿಯಿತು. ಪಾಸ್‌ವರ್ಡ್ ಮನಸ್ಸಿನೊಳಗಿನ ತಿಳಿವಳಿಕೆ, ಅದನ್ನು ಹೇಳೆಂದು ಒತ್ತಾಯಿಸುವಂತಿಲ್ಲ; ಬೆರಳು, ಮುಖ ಕೊಡುವಂತೆ ಹೇಳಬಹುದು ಎಂದಿತು. ನನಗೆ ಈ ಎರಡನೆಯ ವಿಂಗಡಣೆಯೂ ಸಾಲದು. ತೆರೆದುಕೊಳ್ಳುವ ಫೋನು ಎರಡೂ ಸಲ ಅದೇ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದ್ದಾರೆ. ಆ ತೀರ್ಪಿಗೆ ಕಾರಣವಾದ ಅರ್ಜಿಯನ್ನು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ. ಬೆರಳ ತುದಿಗೆ ಬಂದಾಗ ಆ ಹಕ್ಕು ತೆಳುವಾಗಬಾರದು.

ಹಾಗಾದರೆ ಪಿನ್ ಒಂದನ್ನೇ ಇಟ್ಟುಕೊಳ್ಳೋಣವೇ ಎಂದರೆ, ಅದೂ ಬೇಡ. ಬಸ್ಸಿನಲ್ಲಿ, ಹೋಟೆಲಿನಲ್ಲಿ ದಿನಕ್ಕೆ ಹತ್ತಾರು ಸಲ ಪಿನ್ ಒತ್ತಿದರೆ ಪಕ್ಕದಲ್ಲಿ ನಿಂತವರು ನೋಡಿಕೊಳ್ಳುತ್ತಾರೆ. ಪಿನ್ ನೋಡಿಕೊಂಡು ಆಮೇಲೆ ಫೋನನ್ನು ಕಸಿದು, ಖಾತೆಯ ಪಾಸ್‌ವರ್ಡನ್ನೇ ಬದಲಿಸಿ ಎಲ್ಲವನ್ನೂ ದೋಚುವ ಕಳ್ಳತನ ಅಮೆರಿಕದಲ್ಲಿ ಹೆಚ್ಚಿದ ಮೇಲೆ, 2024ರ ಜನವರಿಯಲ್ಲಿ ಆಪಲ್ ಹೊಸ ರಕ್ಷಣೆಯೊಂದನ್ನು ತಂದಿತು. ಅದನ್ನು ಆನ್ ಮಾಡಿಕೊಂಡರೆ, ಪರಿಚಿತ ಸ್ಥಳದಿಂದ ದೂರವಿದ್ದಾಗ ಕೆಲವು ಮುಖ್ಯ ಬದಲಾವಣೆಗಳಿಗೆ ಪಿನ್ ಸಾಲದು, ಮುಖ ಅಥವಾ ಬೆರಳೇ ಬೇಕು. ಜನರ ನಡುವೆ ಇರುವಾಗ ಬಯೋಮೆಟ್ರಿಕ್ ಬಳಸಿ, ಪಿನ್ ಅನ್ನು ಮರೆಯಲ್ಲಿಡಿ. ಬಯೋಮೆಟ್ರಿಕ್ ಬಂದದ್ದರ ನಿಜವಾದ ಲಾಭ ಇದು: ದಿನವೂ ಒತ್ತಬೇಕಾದ ಕಷ್ಟ ಇಲ್ಲವಾದ್ದರಿಂದ ಉದ್ದವಾದ ಪಿನ್ ಇಟ್ಟುಕೊಳ್ಳಲು ಸಾಧ್ಯವಾಯಿತು. ಬೆರಳಿದೆಯಲ್ಲ ಎಂದು 1234 ಇಟ್ಟುಕೊಳ್ಳುವುದು ಮುಂಬಾಗಿಲಿಗೆ ಉಕ್ಕಿನ ಕದ ಹಾಕಿಸಿ ಹಿತ್ತಲ ಬಾಗಿಲಿಗೆ ದಾರ ಕಟ್ಟಿದಂತೆ. ನಾಲ್ಕು ಅಂಕಿಗಳಲ್ಲಿ 10,000 ಸಾಧ್ಯತೆ, ಆರು ಅಂಕಿಗಳಲ್ಲಿ 10 ಲಕ್ಷ. ಹುಟ್ಟಿದ ವರ್ಷ, ಗಾಡಿಯ ನಂಬರು ಬೇಡ.

ಫೋನು ಆಗಾಗ ಪಿನ್ ಕೇಳುವುದನ್ನು ತೊಂದರೆ ಎಂದು ತಿಳಿಯಬೇಡಿ. ಆಫ್ ಮಾಡಿ ಆನ್ ಮಾಡಿದಾಗ, ಐಫೋನ್‌ನಲ್ಲಿ ಐದು ಸಲ ಹೊಂದದಿದ್ದಾಗ ಅಥವಾ 48 ಗಂಟೆ ಫೋನನ್ನು ತೆರೆಯದಿದ್ದಾಗ, ಆಂಡ್ರಾಯ್ಡ್‌ನಲ್ಲಿ ಭದ್ರ ದರ್ಜೆಯ ಬೆರಳಿದ್ದರೂ ಗರಿಷ್ಠ 72 ಗಂಟೆಗೊಮ್ಮೆ ಪಿನ್ ಬೇಕೇ ಬೇಕು. ನಿಮಗೆ ಅಪಾಯದ ಸುಳಿವು ಸಿಕ್ಕರೆ ನೀವೇ ಈ ಸ್ಥಿತಿಯನ್ನು ತಂದುಕೊಳ್ಳಬಹುದು. ಈಚಿನ ಐಫೋನ್‌ಗಳಲ್ಲಿ ಪಕ್ಕದ ಗುಂಡಿಯನ್ನೂ ವಾಲ್ಯೂಮ್ ಗುಂಡಿಯನ್ನೂ ಒಟ್ಟಿಗೆ ಒಂದೆರಡು ಕ್ಷಣ ಒತ್ತಿ ಹಿಡಿದರೆ ಮುಖ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ. ಆಂಡ್ರಾಯ್ಡ್ 9ರ ನಂತರದ ಬಹಳಷ್ಟು ಫೋನುಗಳಲ್ಲಿ ಪವರ್ ಪಟ್ಟಿಯಲ್ಲಿ ‘ಲಾಕ್‌ಡೌನ್’ ಎಂಬ ಆಯ್ಕೆ ಇದೆ. ಕೆಲವದರಲ್ಲಿ ಅದನ್ನು ಸೆಟ್ಟಿಂಗ್ಸ್‌ಗೆ ಹೋಗಿ ಮೊದಲೇ ಆನ್ ಮಾಡಿಕೊಂಡಿರಬೇಕು. ಇದನ್ನು ಮನೆಯ ಹೆಣ್ಣುಮಕ್ಕಳಿಗೆ ದಯವಿಟ್ಟು ಕಲಿಸಿ.

ಕೊನೆಯದಾಗಿ, ‘ನನ್ನ ತಾಯಿಯ ಬೆರಳನ್ನು ಫೋನು ಗುರುತಿಸುತ್ತಲೇ ಇಲ್ಲ, ಏನು ಮಾಡಲಿ?’ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಸಂವೇದಕವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಪರದೆಯ ಕೆಳಗೆ ಬೆರಳು ಓದುವ ಫೋನಾದರೆ ಪರದೆಗೆ ಅಂಟಿಸಿದ ಗಾಜನ್ನು ಒಮ್ಮೆ ತೆಗೆದು ಪರೀಕ್ಷಿಸಿ. ಕೈಗೆ ಸ್ವಲ್ಪ ಎಣ್ಣೆಯೋ ಕ್ರೀಮೋ ಹಚ್ಚಿ, ಚೆನ್ನಾಗಿ ಒರೆಸಿ, ಚರ್ಮ ಮೆತ್ತಗಾದ ಮೇಲೆ ಹೊಸದಾಗಿ ನೋಂದಾಯಿಸಿ. ಹೆಬ್ಬೆರಳು, ತೋರುಬೆರಳು ಹೆಚ್ಚು ಸವೆದಿರುತ್ತವೆ. ಉಂಗುರದ ಬೆರಳು ಅಥವಾ ಎಡಗೈಯ ಬೆರಳನ್ನು ಪ್ರಯತ್ನಿಸಿ. ಒಂದೇ ಬೆರಳನ್ನು ಎರಡು ಸಲ ಬೇರೆ ಬೇರೆಯಾಗಿ ನೋಂದಾಯಿಸಲು ನಿಮ್ಮ ಫೋನು ಬಿಟ್ಟರೆ ಗುರುತಿಸುವ ಸಾಧ್ಯತೆ ಹೆಚ್ಚುತ್ತದೆ. ಇಷ್ಟಾದರೂ ಆಗದಿದ್ದರೆ ಅವರೇ ಆರಿಸಿದ ಆರು ಅಂಕಿಗಳ ಪಿನ್ ಇಡಿ, ಮತ್ತು ಅದನ್ನು ಒತ್ತುವಾಗ ನೀವು ಬೇರೆ ಕಡೆ ನೋಡಿ.